ಜೈತುನಬೀ ಕೈ ಹಚ್ಚಿದ ಪನೀರು

ಜೈತುನಬೀಯ ಹೆಸರು ಯಾರಾದರೂ ಎತ್ತಿದರೆ ಸಾಕು, ಮಾಳಮ್ಮನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಸಿಟ್ಟು ಜೈತುನಬೀಯ ಮೇಲಲ್ಲ, ಊರಿನ ಮೇಲೆ. ಆ ಮುದುಕಿ ಮಾಡಿದ ಪನೀರು ತಿನ್ನಿಸಿ ಮಕ್ಕಳನ್ನು ಉಳಿಸಿಕೊಂಡು, ಆಮೇಲೆ ಅದೇ ಕೈಯನ್ನು ಹೊಲಸು ಅಂದ ಊರಿನ ಮೇಲೆ.

ಊರೆಂದರೆ ಕಲ್ಲಹಟ್ಟಿ. ದೋರನಹಳ್ಳಿಯಿಂದ ಶಹಾಪುರದ ಕಡೆ ಹೋಗುವಾಗ ಬಲಕ್ಕೆ ಬಂಡೆಗಲ್ಲಿನ ಗುಡ್ಡ, ಗುಡ್ಡದ ಬುಡಕ್ಕೆ ಕುರುಬರ ಮೂವತ್ತು ಮನೆ, ನಡುವೆ ಗೌಡನ ದೊಡ್ಡ ಮನೆ, ಹಳ್ಳದ ಆಚೆ ಹೊಲಗೇರಿ. ಮಾಳಮ್ಮ ಕೊಂಕಲ್ಲಿನ ಹೆಣ್ಣುಮಗಳು. ಹದಿಮೂರು ತುಂಬುವ ಮೊದಲೇ ಅಮೋಘಸಿದ್ದನ ಕೈ ಹಿಡಿದು ಇಲ್ಲಿಗೆ ಬಂದವಳು. ಅಮೋಘಸಿದ್ದನಿಗೆ ನೂರರ ಮೇಲೆ ಕುರಿ, ಎರಡು ಎಮ್ಮೆ. ಎರಡು ಹೊಲದ ಆಚೆ ಇರುವ ಕುರಿಯನ್ನು ಕೂಗಿ ಕರೆದು ರೂಢಿಯಾದ ಗಂಟಲು ಮಾಳಮ್ಮನದು. ಮನೆಯೊಳಗೆ ಗುಟ್ಟಿನ ಮಾತಾಡಿದರೂ ಓಣಿಗೆಲ್ಲ ಕೇಳುತ್ತಿತ್ತು.

ನಿಜಾಮನ ಆಳ್ವಿಕೆ ಇನ್ನೂ ಇದ್ದ ಕಾಲಕ್ಕೆ ಅವಳು ಶಹಾಪುರದ ಒಂದು ದೇವಡಿಗೆ ತುಪ್ಪ ಹಾಕಲು ಹೋಗುತ್ತಿದ್ದಳು. ದೊಡ್ಡ ಅಧಿಕಾರಿಯೊಬ್ಬರ ಮನೆ ಅದು. ಅಡುಗೆಮನೆಯ ಯಜಮಾನಿಕೆಯೆಲ್ಲ ಜೈತುನಬೀಯದು. ಸುರಪುರದ ಕಡೆಯ ವಿಧವೆ. ಹಿಂದೆ ಮುಂದೆ ಯಾರೂ ಇರಲಿಲ್ಲ. ಒಂದು ಮಾಘಮಾಸದ ಬೆಳಿಗ್ಗೆ ಮಾಳಮ್ಮ ತುಪ್ಪದ ಗಡಿಗೆಯ ಜೊತೆಗೆ ಒಂದು ತಂಬಿಗೆ ಕುರಿಹಾಲನ್ನೂ ತಂದಿದ್ದಳು. ಮರಿಗಳು ಹುಲ್ಲು ಕಡಿಯಲು ಕಲಿತ ಮೇಲೆ ತಾಯಿಕುರಿಗಳ ಕೆಚ್ಚಲಲ್ಲಿ ಎರಡು ತಿಂಗಳು ಹಾಲು ಉಳಿಯುತ್ತದೆ. ಕೊಳ್ಳುವವರಿಲ್ಲ. ದೇವಡಿಯ ನಾಯಿಗಾದರೂ ಆಗಲಿ ಎಂದು ತಂದಿದ್ದಳು.

ಜೈತುನಬೀ ತಂಬಿಗೆಯೊಳಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಅರೆ ಮಾಳವ್ವ, ಇದನ್ನ ನಾಯಿಗಿ ಹಾಕ್ತೀ? ಎಮ್ಮಿ ಹಾಲು ಸೈತ ಇದರ ಮುಂದ ತೆಳ್ಳಗ ಅದ."

"ಕುರಿಹಾಲು ನಾರತದ ಅಂತಾರ ಬೂಬವ್ವ. ಯಾರೂ ಮೂಸಿ ನೋಡಾಂಗಿಲ್ಲ."

"ಮೂಸದವರ ನಸೀಬು. ಕುಂಡ್ರು ಇಲ್ಲಿ. ನೋಡಿ ಕಲ್ಕೋ."

ಆ ದಿನ ಮಾಳಮ್ಮ ಕಲಿತದ್ದು ಇಷ್ಟು. ಅತ್ತರು, ಗಿಡಮೂಲಿಕೆ ಮಾರುವ ಅತ್ತಾರ ಸುಲ್ತಾನಸಾಬನ ಅಂಗಡಿಯಲ್ಲಿ ಪನೀರಿನ ಕಾಯಿ ಎಂಬ ಸಣ್ಣ ಒಣ ಕಾಯಿ ಸಿಗುತ್ತದೆ. ನಾಲ್ಕು ಕಾಯಿ ಜಜ್ಜಿ ನೀರಲ್ಲಿ ನೆನೆ ಹಾಕಬೇಕು. ಹಾಲು ಕಾಯಿಸಿ, ಬೆರಳಿಟ್ಟರೆ ಸುಡದಷ್ಟು ಆರಿಸಿ, ಆ ನೀರನ್ನು ಸೋಸಿ ಬೆರೆಸಬೇಕು. ಕಾಯಿ ಒಂದು ಹೆಚ್ಚಾದರೂ ಕಹಿ. ಮುಚ್ಚಿಟ್ಟು ಬೇರೆ ಕೆಲಸ ನೋಡಿ ಬರುವುದರೊಳಗೆ ಹಾಲು ನಡುಗುವ ಗಡ್ಡೆಯಾಗಿರುತ್ತದೆ. ಅದನ್ನು ಕೊಯ್ದು, ತೆಳುಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ನೀರಿಳಿದ ಮೇಲೆ ಕಲ್ಲು ಹೇರಬೇಕು. ಮರುದಿನ ಬಟ್ಟೆ ಬಿಚ್ಚಿದರೆ ಬೆಳ್ಳನೆಯ ಪನೀರು. ಬೆರಳಿಂದ ಒತ್ತಿದರೆ ತಗ್ಗಾಗುವಷ್ಟು ಮೆತ್ತಗೆ, ಕೊಯ್ದರೆ ಬಿಲ್ಲೆ ಬಿಲ್ಲೆಯಾಗಿ ನಿಲ್ಲುವಷ್ಟು ಗಟ್ಟಿ. ಉಪ್ಪುನೀರಲ್ಲಿ ಮುಳುಗಿಸಿಟ್ಟರೆ ಎಂಟು ಹತ್ತು ದಿನಕ್ಕೆ ಮೋಸವಿಲ್ಲ.

ಕಲಿತದ್ದನ್ನು ಮಾಳಮ್ಮ ತನ್ನ ಒಲೆಗೆ ಹೊಂದಿಸಿಕೊಂಡಳು. ದೇವಡಿಯಲ್ಲಿ ಗೋಡಂಬಿ ಅರೆದು ಮಾಡುತ್ತಿದ್ದ ಸಾರು ಅವಳಿಗೇಕೆ? ಹಂಚಿನ ಮೇಲೆ ಉಳ್ಳಾಗಡ್ಡಿ ಹುರಿದು, ಬಿಲ್ಲೆಗಳನ್ನು ಎರಡೂ ಮಗ್ಗುಲು ಕೆಂಪಗಾಗುವಂತೆ ಕಾಯಿಸಿ, ಬಿಸಿ ಜೋಳದ ರೊಟ್ಟಿಯೊಳಗೆ ಮಡಿಚಿ ಕೊಟ್ಟರೆ ಅಮೋಘಸಿದ್ದ ಮಾತಾಡದೆ ಮೂರು ರೊಟ್ಟಿ ಮುಗಿಸುತ್ತಿದ್ದ. ಪುಂಡಿಪಲ್ಯೆಯ ಹುಳಿಯೊಳಗೆ ಪನೀರಿನ ತುಣುಕು ಬಿದ್ದರೆ ಹುಳಿ ಮೆತ್ತಗಾಗುತ್ತಿತ್ತು. ಹಲ್ಲಿಲ್ಲದ ಅತ್ತೆಗೆ ಪುಡಿ ಮಾಡಿ ಬೆಲ್ಲ ಕಲೆಸಿ ಕೊಡುತ್ತಿದ್ದಳು. ಬಾಣಂತಿಯರಿಗೆ ಮೆಂತೆಪಲ್ಯೆಯ ಜೊತೆ. ಇಳಿದ ನೀರನ್ನೂ ಚೆಲ್ಲುತ್ತಿರಲಿಲ್ಲ. ಅದರಲ್ಲೇ ರೊಟ್ಟಿ ಹಿಟ್ಟು ನಾದುತ್ತಿದ್ದಳು. ಕುರಿ ಹೊಡೆದುಕೊಂಡು ದೂರ ಹೋಗುವವರಿಗೆ ಉಪ್ಪಿನ ಪನೀರಿನ ಗಂಟು ಕಟ್ಟಿಕೊಟ್ಟರೆ ಮೂರು ದಿನ ಒಲೆ ಹೂಡುವ ಗೊಡವೆ ಇರಲಿಲ್ಲ.

ನಲವತ್ತೆಂಟನೆಯ ಇಸವಿಯಲ್ಲಿ ಈ ನೆಮ್ಮದಿ ಕೆಟ್ಟಿತು. ಬೇಸಿಗೆಯಲ್ಲಿ ರಜಾಕಾರರು ಬಂದು ಅಮೋಘಸಿದ್ದನ ಒಂಬತ್ತು ಟಗರು ಹೊಡೆದುಕೊಂಡು ಹೋದರು. ಅಡ್ಡ ನಿಂತದ್ದಕ್ಕೆ ಅವನ ಭುಜಕ್ಕೆ ಬಂದೂಕಿನ ಹಿಂಬದಿಯಿಂದ ಹೊಡೆದಿದ್ದರು. ಆ ಕೈ ಮತ್ತೆ ಪೂರ್ತಿ ಮೇಲೇಳಲಿಲ್ಲ. ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ರಜಾಕಾರರು ಓಡಿದರು. ಊರೂರಲ್ಲಿ ಬಾವುಟ ಏರಿತು. ಆದರೆ ಓಡಿಹೋದವರ ಪಾಪಕ್ಕೆ ಓಡಲಾರದವರ ಮೇಲೆ ಕೈಮಾಡುವ ಮಂದಿಯೂ ಆಗಲೇ ಎದ್ದರು.

ಎಂಟು ದಿನ ಕಳೆದ ಮೇಲೆ ಮಾಳಮ್ಮ ಶಹಾಪುರಕ್ಕೆ ಹೋದಳು. ದೇವಡಿಯ ಬಾಗಿಲು ಕಿತ್ತುಹೋಗಿತ್ತು. ಮನೆಯವರು ಹೈದರಾಬಾದಿಗೆ ಓಡಿದ್ದರು. ಅಡುಗೆಯವಳನ್ನು ಕರೆದುಕೊಂಡು ಹೋಗುವ ನೆನಪು ಯಾರಿಗೂ ಆಗಿರಲಿಲ್ಲ. ಸುಲ್ತಾನಸಾಬನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಜೈತುನಬೀ ಒಂದು ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಏನ್ ತಿಂದಿ?" ಎಂದು ಮಾಳಮ್ಮ ಕೇಳಿದಳು.

"ನಿನ್ನೆ ನೀರು ಕುಡದೀನಿ," ಅಂದಳು ಜೈತುನಬೀ.

ಮಾಳಮ್ಮ ಹೆಗಲ ಮೇಲಿನ ಕಂಬಳಿ ತೆಗೆದು ಮುದುಕಿಯ ತಲೆಯ ಮೇಲಿಂದ ಹೊದಿಸಿ, ಹಣೆಗೆ ತನ್ನ ಸಂಚಿಯ ಭಂಡಾರದ ಅರಿಶಿನ ಹಚ್ಚಿ, ಕೈ ಹಿಡಿದು ಎಬ್ಬಿಸಿದಳು. ಊರ ಹೊರಗೆ ಬಡಿಗೆ ಹಿಡಿದ ನಾಲ್ಕು ಜನ ಅಡ್ಡ ಬಂದರು.

"ಯಾರಾಕಿ ಈ ಮುದುಕಿ?"

"ನಮ್ಮತ್ತಿ," ಅಂದಳು ಮಾಳಮ್ಮ. "ಕಣ್ಣು ಕಾಣಂಗಿಲ್ಲ, ಕಿವಿ ಕೇಳಂಗಿಲ್ಲ. ಔಷಧಕ್ಕ ಕರಕೊಂಡ್ ಬಂದಿದ್ದೆ. ದಾರಿ ಬಿಡ್ರಿ, ಬಿಸಿಲೇರಾಕತ್ತದ."

ಅವಳ ದನಿಗೆ ಅವರು ದಾರಿ ಬಿಟ್ಟರು.

ಅಮೋಘಸಿದ್ದ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಅಂಗಳದಲ್ಲಿ ಕೂತ ಜೈತುನಬೀಯನ್ನು ನೋಡಿ ಅವನ ಮುಖ ಗಂಟಿಕ್ಕಿತು.

"ನನ್ನ ಒಂಬತ್ತು ಟಗರು ಹೋದ್ವು. ಈ ಭುಜ ಹೋತು. ಈಗ ಅವರ ಮಂದೀನ್ನ ಕರಕೊಂಡ್ ಬಂದು ಕುಂಡ್ರಸೀಯಲ್ಲ, ನಿನಗ ಮಾನ ಅದ ಏನು?"

"ನಿನ್ನ ಟಗರು ಹೊಡಕೊಂಡ್ ಹೋದಾಕಿ ಈಕಿ ಏನು?" ಮಾಳಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಿನಗ ಬಂದೂಕಲೆ ಹೊಡದಾಕಿ ಈಕಿ ಏನು? ಹೌದು ಅನ್ನು, ಈಗ ಹೊರಗ ಹಾಕ್ತೀನಿ. ನಾಕು ವರ್ಷ ಈಕಿ ಕಲಿಸಿದ್ದು ತಿಂದೀ. ತಿನ್ನಾಗ ಯಾರ ಮಂದಿ ಅಂತ ಕೇಳಿದ್ದಿಲ್ಲ."

ಅಮೋಘಸಿದ್ದ ಎದ್ದು ಹಟ್ಟಿಗೆ ಹೋದ. ಎರಡು ತಿಂಗಳು ಜೈತುನಬೀಯ ಜೊತೆ ಮಾತಾಡಲಿಲ್ಲ. ಹೊರಗೆ ಹಾಕು ಅಂತಲೂ ಮತ್ತೆ ಅನ್ನಲಿಲ್ಲ. ಹಿತ್ತಲಲ್ಲಿ ಮೇವಿನ ಚಪ್ಪರದ ಒಂದು ಮಗ್ಗುಲಿಗೆ ಗೋಡೆ ಕಟ್ಟಿದ್ದನ್ನು ಮಾತ್ರ ಮಾಳಮ್ಮ ನೋಡಿದಳು. ಯಾಕೆ ಕಟ್ಟಿದೆ ಎಂದು ಕೇಳಲಿಲ್ಲ.

ಅಲ್ಲಿಂದ ಕಲ್ಲಹಟ್ಟಿಯಲ್ಲಿ ಪನೀರು ಹೆಚ್ಚಾಯಿತು. ಕಾಯಿ ನೆನೆಹಾಕುವುದು, ಹಾಲಿನ ಬಿಸಿ ನೋಡುವುದು ಜೈತುನಬೀ. ಹಿಂಡುವುದು, ಕಲ್ಲೆತ್ತುವುದು ಮಾಳಮ್ಮ. ಐವತ್ತೊಂದರ ಚಳಿಗಾಲದಲ್ಲಿ ಊರಲ್ಲಿ ದಡಾರ ಎದ್ದಿತು. ಮೈಮೇಲೆ ಗುಳ್ಳೆ ಎದ್ದು ಇಳಿದ ಮಕ್ಕಳು ಎಲುಬಿನ ಹಂದರವಾಗಿ ಉಳಿದವು. ಬಾಯಿಹುಣ್ಣಿಗೆ ಖಾರ ತಿನ್ನಲಾರವು, ಗಂಜಿ ಮೈಗೆ ಹತ್ತದು. ಜೈತುನಬೀ ಪನೀರನ್ನು ಸಿಹಿನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಬೆರಳಿಂದ ಬೆಣ್ಣೆಯಂತೆ ಅರೆದು, ಮನೆಮನೆಗೆ ಒಯ್ದು ಕೊಟ್ಟಳು. ಹಾಲು ಬಿಟ್ಟಿರದ ಹಸುಗೂಸಿಗೆ ಮಾತ್ರ ಬೇಡ ಎನ್ನುತ್ತಿದ್ದಳು. ಗೌಡನ ಸೊಸೆ ಭೀಮಮ್ಮನ ಮಗು ಎಲ್ಲಕ್ಕಿಂತ ಸೋತಿತ್ತು. ಗೌಡನ ಹಿತ್ತಲ ಬಾಗಿಲಿಗೆ ಜೈತುನಬೀ ಇಪ್ಪತ್ತು ದಿನ ನಡೆದಳು. ಭೀಮಮ್ಮ ಬಟ್ಟಲು ಒಡ್ಡಿ ತೆಗೆದುಕೊಳ್ಳುತ್ತಿದ್ದಳು. ಮಗು ಎದ್ದು ಓಡಾಡಿತು. ಆಗ ಯಾರೂ ಜಾತಿ ಕೇಳಲಿಲ್ಲ.

ಎರಡು ವರ್ಷದ ಮೇಲೆ ಶಹಾಪುರದ ಕಡೆಯಿಂದ ಒಬ್ಬ ಹೊಸ ಡಾಕ್ಟರು ಜೀಪಿನಲ್ಲಿ ಊರೂರು ತಿರುಗುತ್ತ ಕಲ್ಲಹಟ್ಟಿಗೂ ಬಂದರು. ಮಕ್ಕಳನ್ನು ಚಾವಡಿಯ ಮುಂದೆ ಸಾಲು ನಿಲ್ಲಿಸಿ ನೋಡಿದರು. ಹೊಲಗೇರಿಯ ಸುಂದ್ರಮ್ಮನ ಮಗಳು ಮರಿಲಿಂಗಮ್ಮನ ಪಾದ ಒತ್ತಿದಾಗ ಹೆಬ್ಬೆರಳಿನ ತಗ್ಗು ಹಾಗೇ ಉಳಿಯಿತು. ನಾಲ್ಕು ವರ್ಷದ ಹುಡುಗಿ. ಕೂದಲು ಕೆಂಪಗಾಗಿ ಉದುರುತ್ತಿತ್ತು, ಹೊಟ್ಟೆ ಮುಂದೆ ಬಂದಿತ್ತು.

"ಇದು ಬರೇ ಹಸಿವಲ್ಲ," ಎಂದರು ಡಾಕ್ಟರು. "ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಮಾಂಸ ಕಟ್ಟುವ ಸತ್ವ ಸಿಗುತ್ತಿಲ್ಲ. ಕುರುಬರ ಮಕ್ಕಳು ಮಾತ್ರ ಗಟ್ಟಿ ಇದ್ದಾರೆ. ಅವರೇನು ತಿನ್ನುತ್ತಾರೆ?"

ಮಾಳಮ್ಮ ಮನೆಗೆ ಹೋಗಿ ಒಂದು ಬಿಲ್ಲೆ ಪನೀರು ತಂದು ಕೊಟ್ಟಳು. ಅವರು ಮುರಿದು, ಮೂಸಿ, ತಿಂದು ನೋಡಿದರು. ಹಾಲು ಕಾಯಿಸುತ್ತೀರಾ, ಬಟ್ಟೆ ಕುದಿಸುತ್ತೀರಾ ಎಂದು ಕೇಳಿ ತಿಳಿದುಕೊಂಡರು. ಅಂಗೈಯಗಲದ ಈ ತುಂಡಿನಲ್ಲಿ ಎರಡು ತಂಬಿಗೆ ಹಾಲಿನ ಕಸುವು ಇದೆ ಎಂದು ಗೌಡನಿಗೆ ಹೇಳಿದರು. ಹಾಲಿರುವಷ್ಟು ದಿನ ಸೊರಗಿದ ಮಕ್ಕಳಿಗೆಲ್ಲ ವಾರಕ್ಕೆ ಮೂರು ಸಲ ಚಾವಡಿಯಲ್ಲೇ ತಿನ್ನಿಸಿ. ಜಾಗ, ಕಟ್ಟಿಗೆ, ಪಾತ್ರೆ ಊರಿನದು, ಪನೀರು ಮಾಳಮ್ಮನದು. ಮೇಲಿನ ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ ಎಂದರು. ಮಾಳಮ್ಮ ಒಪ್ಪಿಕೊಂಡಳು. ಮನೆಗೆ ಬಂದು ಹೇಳಿದಾಗ ಜೈತುನಬೀ ಆಗಲೇ ಎಷ್ಟು ಕಾಯಿ ಬೇಕಾದೀತು ಎಂದು ಬೆರಳು ಮಡಿಚತೊಡಗಿದಳು.

ಮರುವಾರ ಚಾವಡಿಯಲ್ಲಿ ಮಂದಿ ಕೂಡಿತು. ಡಾಕ್ಟರೂ ಬಂದಿದ್ದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಗೋಡೆಯ ಮಗ್ಗುಲಿಗೆ. ಜೈತುನಬೀ ಮಾಳಮ್ಮನ ಹಿಂದೆ ಕೂತಿದ್ದಳು. ಗೌಡ ಗಂಟಲು ಸರಿಮಾಡಿಕೊಂಡ.

"ಮಾಳಿ, ಪನೀರು ನೀ ಮಾಡು. ಯಾರದೂ ತಕರಾರಿಲ್ಲ. ಆದ್ರ ಆ ಮುದುಕಿ ಭಾಂಡೆಕ್ಕ ಕೈ ಹಚ್ಚಬಾರದು. ಊರ ಮಕ್ಕಳು ತಿನ್ನೂದು ಅದ. ಹೊಲಸು ಆಗಬಾರದು."

ಮಾಳಮ್ಮನಿಗೆ ಮೊದಲು ಸರಿಯಾಗಿ ಕೇಳಿಸಲಿಲ್ಲ ಅನ್ನಿಸಿತು. ಗೌಡ ಮುಂದುವರಿಸಿದ: "ಮತ್ತ ಕೇರಿ ಮಕ್ಕಳು ಕಟ್ಟಿ ಕೆಳಗ ಕುಂಡ್ರಲಿ. ಮ್ಯಾಲಿಂದ ಹಾಕಿದ್ರ ಆತು."

ಕಟ್ಟೆಯ ಮೇಲೆ ನಾಲ್ಕು ತಲೆ ಹೌದೆಂದು ಅಲ್ಲಾಡಿದವು. ಮಾಳಮ್ಮ ಡಾಕ್ಟರ ಕಡೆ ನೋಡಿದಳು. ಓದಿದವರು, ಸರಕಾರದವರು, ಈಗ ಒಂದು ಮಾತು ಆಡಿಯಾರು ಎಂದುಕೊಂಡಳು. ಡಾಕ್ಟರು ಕೈಗಡಿಯಾರ ನೋಡಿಕೊಂಡು, "ಇದು ಊರಿನ ವಿಷಯ, ನೀವು ನೀವೇ ಬಗೆಹರಿಸಿಕೊಳ್ಳಿ. ಮಕ್ಕಳಿಗೆ ಸಿಕ್ಕರೆ ಸಾಕು," ಎಂದರು.

ಮಾಳಮ್ಮ ಎದ್ದು ನಿಂತಳು. ಸೆರಗು ಹಿಡಿದೆಳೆದು ಜೈತುನಬೀ ಕುಂಡ್ರು ಅಂದಳು. ಮಾಳಮ್ಮ ಕುಂಡ್ರಲಿಲ್ಲ.

"ಗೌಡ್ರ, ಯಾವ್ದು ಹೊಲಸು? ಈಕಿ ಕೈಯೇನ್ರಿ? ದಡಾರ ಬಂದಾಗ ಈ ಕೈ ಎಲ್ಲೆಲ್ಲಿ ಹೋಗಿತ್ತು ಹೇಳ್ಲೇನು? ಅಲ್ಲಿ ಕುಂತು ತಲಿ ಅಲ್ಲಾಡಸಾಕತ್ತಾರಲ್ಲ, ಅವರ ಮನಿಗಿ ಹೋಗಿತ್ತು. ಅವರ ಮಗ್ಗಲ ಮನಿಗೂ ಹೋಗಿತ್ತು. ನಿಮ್ಮ ಹಿತ್ತಲ ಬಾಗಿಲಕ್ಕ ಇಪ್ಪತ್ತು ದಿನ ನಡದದ. ಕೇಳ್ರಿ ನಿಮ್ಮ ಸೊಸಿಗಿ. ನಿಮ್ಮ ಮೊಮ್ಮಗನ ಮೈಯಾಗಿನ ಕಸುವು ಎಲ್ಲಿಂದ ಬಂತು ಕೇಳ್ರಿ!"

ಗೋಡೆಯ ಮಗ್ಗುಲಿಗಿದ್ದ ಭೀಮಮ್ಮ ಸೆರಗು ಮುಂದೆ ಎಳೆದುಕೊಂಡು ನೆಲ ನೋಡಿದಳು. ಗೌಡನ ಮುಖ ಕೆಂಪಾಯಿತು.

"ಬಾಯಿ ಭಾಳ ಆತು ನಿಂದು. ಆ ಮುದುಕೀನ್ನ ಬಿಟ್ಟು ಮಾಡ್ತೀಯೋ ಇಲ್ಲೋ, ಅಷ್ಟ ಹೇಳು."

"ಮಾಡಾಂಗಿಲ್ಲ. ಹಾಲು ಹಳ್ಳಕ್ಕ ಚಲ್ತೀನಿ, ಹಿಂಗ ಮಾಡಾಂಗಿಲ್ಲ. ಸಾಹೇಬ್ರ, ನಿಮಗೂ ಒಂದು ಮಾತು. ಹುಡುಗಿ ಕಾಲು ಒತ್ತಿ ನೋಡಿದ್ರಿ. ಆಕಿನ್ನ ಕೆಳಗ ಕುಂಡ್ರಸಿ ಮ್ಯಾಲಿಂದ ಒಗದ್ರ ಸತ್ವ ಹತ್ತತದೇನ್ರಿ?"

ಆಗ ಕಟ್ಟೆಯ ತುದಿಯಲ್ಲಿ ಕೂತಿದ್ದ ಅಮೋಘಸಿದ್ದ ಮೆಲ್ಲಗೆ ಎದ್ದ. ಸಭೆಯಲ್ಲಿ ಎಂದೂ ಮಾತಾಡಿದವನಲ್ಲ. ಒಳ್ಳೆಯ ಕೈಯಿಂದ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಗೌಡ್ರ, ನಾಳಿಂದ ನಮ್ಮ ಕುರಿ ನಿಮ್ಮ ಹೊಲದಾಗ ನಿಲ್ಲಾಂಗಿಲ್ರಿ," ಅಂದ.

ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಂತರೆ ಆ ಹಿಕ್ಕೆಗೊಬ್ಬರಕ್ಕೆ ಮುಂದಿನ ಬೆಳೆ ಎದೆಯುದ್ದ ಬರುತ್ತದೆ. ಗೌಡನ ಹೊಲಕ್ಕೆ ಅಮೋಘಸಿದ್ದನ ಮಂದೆ ಅವನ ಅಪ್ಪನ ಕಾಲದಿಂದ ನಿಲ್ಲುತ್ತ ಬಂದಿತ್ತು. ಗೌಡ ಏನೋ ಅನ್ನಲು ಹೋದ. ಅಮೋಘಸಿದ್ದ ಆಗಲೇ ಕಟ್ಟೆ ಇಳಿದಿದ್ದ.

ಮಾಳಮ್ಮನಿಗೆ ಅವನ ಹಿಂದೆ ನಡೆಯುವಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐದು ವರ್ಷ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದನೋ ಈ ಮನುಷ್ಯ! ಅಂಗಳದಲ್ಲಿ ಅವನು ತಿರುಗಿ ಜೈತುನಬೀಗೆ, "ಬೂಬವ್ವ, ಕುರಿ ಎಲ್ಲಿ ನಿಲ್ಲಸ್ಲಿ?" ಎಂದು ಕೇಳಿದ.

"ಹಳ್ಳದ ಆಚಿ," ಅಂದಳು ಜೈತುನಬೀ. "ಆ ಹುಡುಗಿ ಕಾಲು ಬಾತಾವ. ಈಚಿಗಿ ನಡಕೊಂಡ್ ಬರಾಕ ಆಗಾಂಗಿಲ್ಲ."

ಹಳ್ಳದ ಆಚೆ ಸುಂದ್ರಮ್ಮನ ಗಂಡ ಮರಿಲಿಂಗಪ್ಪನಿಗೆ ಮೂರು ಎಕರೆ ಕಲ್ಲುಭೂಮಿ ಇತ್ತು. ಅದರಲ್ಲಿ ಯಾರ ಕುರಿಯೂ ಎಂದೂ ನಿಂತಿರಲಿಲ್ಲ. ಮಂದೆ ಅಲ್ಲಿಗೆ ಹೋಯಿತು. ಬದುವಿನ ಬೇವಿನ ಮರದ ಕೆಳಗೆ ಮಾಳಮ್ಮ ಒಲೆ ಹೂಡಿದಳು. ಮೂರನೆಯ ದಿನ ಮೊದಲ ಪನೀರು ಬಿಚ್ಚಿದಾಗ ಬಂದವಳು ಸುಂದ್ರಮ್ಮ ಒಬ್ಬಳೇ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು. ಹತ್ತು ಹೆಜ್ಜೆ ದೂರ ನಿಂತಳು. ಮಗು ಇಳಿದು, ಬಾತ ಕಾಲಲ್ಲಿ ತಟ್ಟಾಡುತ್ತ ಪಾತ್ರೆಯ ಹತ್ತಿರ ಬಂದಿತು.

"ಏ, ಅಲ್ಲೇ ನಿಲ್ಲು!" ಮಾಳಮ್ಮನ ಬಾಯಿಂದ ಬಂದುಬಿಟ್ಟಿತು. ಕೈ ತಾನೇ ಮುಂದೆ ಹೋಗಿ ಪಾತ್ರೆಯನ್ನು ಹಿಂದಕ್ಕೆ ಸರಿಸಿತ್ತು.

ಮಗು ನಿಂತಿತು. ಸುಂದ್ರಮ್ಮ ಅದನ್ನು ಎಳೆದುಕೊಳ್ಳಲು ಓಡಿ ಬಂದಳು. ಜೈತುನಬೀ ಮಾಳಮ್ಮನ ಮುಖವನ್ನೊಮ್ಮೆ ನೋಡಿದಳು, ಅಷ್ಟೆ. ಚಾವಡಿಯಲ್ಲಿ ಊರನ್ನೆಲ್ಲ ಬೈದು ಬಂದ ಮಾಳಮ್ಮನಿಗೆ ಆ ನೋಟಕ್ಕೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಗೌಡನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ಮೇಲೆ ಬಂತು. ಎದ್ದು ಹೋಗಿ ಮರಿಲಿಂಗಮ್ಮನನ್ನು ಎತ್ತಿ ತಂದು ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ಕೈಯಾರೆ ಬೆಲ್ಲ ಕಲೆಸಿದ ಪನೀರು ತಿನ್ನಿಸಿದಳು.

"ಸುಂದ್ರವ್ವ, ಬಾ ಇಲ್ಲಿ. ಹತ್ತಿರ ಕುಂಡ್ರು. ನನಗ ತಪ್ಪಾತು," ಅಂದಳು. ತಪ್ಪಾಯಿತು ಎಂದು ಮಾಳಮ್ಮ ಅಂದದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ದಿನಾ ಒಂದು ತುಂಡು. ಒಂದು ದಿನ ಬೆಲ್ಲ, ಒಂದು ದಿನ ಬೇಳೆಕಟ್ಟಿನಲ್ಲಿ ಕಿವುಚಿ. ಮೂರು ವಾರಕ್ಕೆ ಮರಿಲಿಂಗಮ್ಮನ ಪಾದದ ಬಾವು ಇಳಿಯಿತು. ಕೇರಿಯ ಮಿಕ್ಕ ಮಕ್ಕಳೂ ಬಂದವು. ಆಮೇಲೆ ಕುರುಬರ ಓಣಿಯವು. ಒಂದು ಮಧ್ಯಾಹ್ನ, ಊರೆಲ್ಲ ನೋಡುವ ಹೊತ್ತಿನಲ್ಲಿ, ಗೌಡನ ಸೊಸೆ ಭೀಮಮ್ಮ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಳ್ಳ ದಾಟಿ ಬಂದು ಬೇವಿನ ಕೆಳಗೆ ಸುಂದ್ರಮ್ಮನ ಮಗ್ಗುಲಿಗೆ ಕೂತಳು. ಜೈತುನಬೀಯ ಕಡೆ ನೋಡಿ, "ನಮಗೂ ಒಂದು ತುತ್ತು ಹಾಕ್ರಿ ಬೂಬವ್ವ. ಅವತ್ತ ಬಾಯಿ ಬಿಡಬೇಕಿತ್ತು, ಧೈರ್ಯ ಆಗ್ಲಿಲ್ಲ," ಅಂದಳು.

"ಹಾಕ್ತೀನಿ ಬೇಟಿ, ಬಾ," ಅಂದಳು ಜೈತುನಬೀ. ಮಾಳಮ್ಮನಿಗೆ ನಾಲ್ಕು ಮಾತು ಆಡಿಬಿಡಬೇಕು ಅನ್ನಿಸಿತ್ತು. ನುಂಗಿಕೊಂಡಳು.

ಮುಂದಿನ ವರ್ಷ ಗೌಡನಿಗೆ ವಿಷಮಜ್ವರ ಹಿಡಿಯಿತು. ತಿಂಗಳೊಪ್ಪತ್ತು ಮಲಗಿ ಎದ್ದಾಗ ತಾನೇ ತಂಬಿಗೆ ಎತ್ತಲಾರದಷ್ಟು ಸೋತಿದ್ದ. ರೊಟ್ಟಿ ಇಳಿಯದು, ಬರೀ ಹಾಲು ಕುಡಿದರೆ ಹೊಟ್ಟೆ ಕೆಡುವುದು. ಮೆತ್ತನೆಯ ಪನೀರನ್ನು ನೆನೆಸಿ ಸ್ವಲ್ಪಸ್ವಲ್ಪ ಕೊಡಿ ಎಂದು ಅದೇ ಡಾಕ್ಟರು ಹೇಳಿಹೋದರಂತೆ. ಗೌಡನ ಮನೆಯ ಆಳು ಹಿತ್ತಾಳೆಯ ಬೋಗುಣಿ ಹಿಡಿದು ಮಾಳಮ್ಮನ ಅಂಗಳಕ್ಕೆ ಬಂದ.

"ನಿಮ್ಮ ಗೌಡಗ ಹೇಳು," ಅಂದಳು ಮಾಳಮ್ಮ, "ಈ ಪನೀರಿಗಿ ಜೈತುನಬೀ ಕೈ ಹಚ್ಯಾಳ. ಬೇಕಾದ್ರ ಬಂದು ಆಕಿನ್ನ ಕೇಳಲಿ. ಬರಾಕ ಆಗದಿದ್ರ ಬೇಕು ಅಂತ ಒಂದು ಮಾತು ಹೇಳಿ ಕಳಸಲಿ. ಖಾಲಿ ಬೋಗುಣಿಗಿ ಇಲ್ಲಿ ಏನೂ ಸಿಗಾಂಗಿಲ್ಲ."

ಆಳು ತಿರುಗಿದ. ಒಳಗಿಂದ ಜೈತುನಬೀ ಬಂದು ಅವನ ಕೈಯ ಬೋಗುಣಿ ಇಸಿದುಕೊಂಡು, ನಾಲ್ಕು ಬಿಲ್ಲೆ ಹಾಕಿ, ಉಪ್ಪು ಬಿಡಿಸುವುದು ಹೇಗೆಂದು ಹೇಳಿ ಕಳಿಸಿದಳು.

ಆಳು ಕಣ್ಮರೆಯಾದ ಮೇಲೆ ಮಾಳಮ್ಮ ಒದರಿದಳು.

"ನಿನ್ನ ಸಲುವಾಗಿ ನಾ ಊರನ್ನ ಎದುರು ಹಾಕ್ಕೊಂಡೆ! ನಿನ್ನ ಕೈನ ಹೊಲಸು ಅಂದವನಿಗಿ ಅದೇ ಕೈಲೆ ಹಾಕಿ ಕಳಸ್ತೀಯಲ್ಲ, ನಿನಗ ಸಿಟ್ಟು ಬರಾಂಗಿಲ್ಲೇನು?"

"ಬರತದ," ಅಂದಳು ಜೈತುನಬೀ. "ಬರಲಾರದ ಏನು? ಆದ್ರ ಜಡ್ಡಿನ ಮನಷ್ಯಾ ಅದಾನ. ಅವ ಎದ್ದು ನಿಲ್ಲಲಿ, ಆಮ್ಯಾಲ ಇಬ್ಬರೂ ಕೂಡಿ ಬೈಯೂಣಂತ."

ಮಾಳಮ್ಮ ಮೂರು ದಿನ ಅವಳೊಂದಿಗೆ ಮಾತು ಬಿಟ್ಟಳು. ನಾಲ್ಕನೆಯ ದಿನ ಹಾಲು ಹೆಚ್ಚು ಬಂದಿತ್ತು. ಒಬ್ಬಳ ಕೈಯಿಂದ ಸಾಗುವ ಕೆಲಸವಾಗಿರಲಿಲ್ಲ. ಬಟ್ಟೆಯ ಒಂದು ತುದಿ ಹಿಡಿ ಎಂದು ಕರೆಯಬೇಕಾಯಿತು. ಗೌಡ ಎದ್ದ, ಓಡಾಡಿದ, ದಾರಿಯಲ್ಲಿ ಎದುರು ಸಿಕ್ಕ. ಛಲೋ ಇತ್ತು ಅಂತಾಗಲಿ, ತಪ್ಪಾಯಿತು ಅಂತಾಗಲಿ, ಆ ಬಾಯಿಂದ ಒಂದು ಮಾತು ಬರಲಿಲ್ಲ.

ಐವತ್ತಾರರ ನವೆಂಬರಿನಲ್ಲಿ ಹೈದರಾಬಾದ್ ಸೀಮೆ ಒಡೆದು ಕನ್ನಡದ ಜಿಲ್ಲೆಗಳೆಲ್ಲ ಒಂದು ರಾಜ್ಯವಾದವು. ಕಲ್ಲಹಟ್ಟಿಯ ಚಾವಡಿಗೂ ಮಾವಿನ ತೋರಣ ಕಟ್ಟಿದರು. ಹೊರಗಿಂದ ಬಂದ ಒಬ್ಬ ಸಾಹೇಬರು ಭಾಷಣ ಮಾಡಿದರು. ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಕೂತು ಪೌಷ್ಟಿಕ ಆಹಾರ ತಿಂದ ಊರು ಇದು ಎಂದು ಕೇಳಿದ್ದೇನೆ. ಇಂಥ ಕೆಲಸ ಮಾಡಿದ ಗೌಡರ ದೊಡ್ಡ ಮನಸ್ಸು ಸುತ್ತಲ ಹಳ್ಳಿಗಳಿಗೆ ಮಾದರಿ ಎಂದು ಹೇಳಿ, ಗೌಡನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಚಪ್ಪಾಳೆ ಬಿದ್ದವು. ಗೌಡ ಕೈ ಮುಗಿದು ಕೂತ.

ಮಾಳಮ್ಮ ಎದ್ದು ನಿಂತಳು. ಎರಡು ಹೊಲದಾಚೆ ಕೇಳುವ ದನಿಯಲ್ಲಿ ಕೂಗಿದಳು:

"ಸಾಹೇಬ್ರ, ಹಾರ ಹಾಕೂ ಕೊರಳು ತಪ್ಪಿದ್ರಿ! ಮಕ್ಕಳು ತಿಂದದ್ದು ಚಾವಡ್ಯಾಗಲ್ಲ, ಮರಿಲಿಂಗಪ್ಪನ ಹೊಲದಾಗ. ತಿನಸಿದಾಕಿ ಇಲ್ಲಿ ಕುಂತಾಳ, ಜೈತುನಬೀ. ಆಕಿ ಕೈ ಹೊಲಸು ಅಂದವರ ಕೊರಳಾಗ ಹಾರ ಹಾಕೀರಿ ನೀವು!"

ಸಾಹೇಬರು ಗಾಬರಿಯಾಗಿ ಗೌಡನ ಮುಖ ನೋಡಿದರು. "ಕೂತ್ಕೋ," "ಸಾಕು ಬಿಡು," ಎಂದು ಗಂಡಸರು ಗದರಿದರು. ಆಗ ಹೆಂಗಸರ ನಡುವಿನಿಂದ ಭೀಮಮ್ಮ ಎದ್ದಳು. ಮಾವನ ಎದುರು ಎಂದೂ ದನಿಯೆತ್ತಿದವಳಲ್ಲ.

"ಮಾಳಮ್ಮ ಹೇಳೂದು ಖರೇ ಅದ್ರಿ," ಅಂದಳು. "ನನ್ನ ಮಗನೂ ಅಲ್ಲೇ ತಿಂದಾನ."

ಸುಂದ್ರಮ್ಮ ಎದ್ದಳು. ಕುರುಬರ ಓಣಿಯ ಮೂರು ನಾಲ್ಕು ಹೆಂಗಸರು ಎದ್ದರು. ಗೌಡ ಹಾರವನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟ. ಇಟ್ಟನಷ್ಟೆ, ಜೈತುನಬೀಗೆ ಕೊಡಲಿಲ್ಲ. ಸಾಹೇಬರು ಬೇರೆ ವಿಷಯ ಎತ್ತಿ ಭಾಷಣ ಮುಗಿಸಿದರು.

ಜೈತುನಬೀಗೆ ಅಷ್ಟೊತ್ತಿಗೆ ಕಿವಿ ನಿಜಕ್ಕೂ ಮಂದವಾಗಿದ್ದವು. ಎಲ್ಲರೂ ಎದ್ದು ತನ್ನನ್ನೇ ನೋಡುತ್ತಿರುವುದು ಕಂಡು ಮಾಳಮ್ಮನ ತೋಳು ಹಿಡಿದಳು.

"ಏನಂದ್ರು ಬೇ ಸಾಹೇಬ್ರು?"

"ಸುಳ್ಳು ಹೇಳಿದ್ರು," ಅಂದಳು ಮಾಳಮ್ಮ. "ಏಳು, ಮನಿಗಿ ಹೋಗೂಣು."